ಕಾಂಪೌಂಡ್ ಗೋಡೆಯ ಹೆಂಗಸು

ಚಿತ್ರ ಬಿಡಿಸುವುದನ್ನು ನನಗೆ ಯಾರೂ ಹೇಳಿಕೊಟ್ಟಿಲ್ಲ. ಐಟಿ ಕಂಪನಿಗಳು ನಮ್ಮಂಥ ಹೊರಗಿನವರನ್ನು ಕರೆಕರೆದು ಕೆಲಸ ಕೊಡುತ್ತಿದ್ದ ಕಾಲ. ಮೈಸೂರಿನಿಂದ ಹೈದರಾಬಾದಿಗೆ ಬಂದ ನಾನು ಶನಿವಾರ, ಭಾನುವಾರ ವಿಡಿಯೋ ನೋಡಿಕೊಂಡೇ ಬ್ರಶ್ ಹಿಡಿಯುವುದನ್ನು ಕಲಿತೆ.

ಹಿಮಾಯತ್‌ನಗರದಲ್ಲಿದ್ದ ನಮ್ಮ ಅಪಾರ್ಟ್‌ಮೆಂಟಿನ ಕಾಂಪೌಂಡ್ ಗೋಡೆಗೆ ದಾರಿಹೋಕರು ಉಚ್ಚೆ ಹೊಯ್ಯುತ್ತಿದ್ದರು. ದೇವರ ಟೈಲ್ಸ್ ಅಂಟಿಸೋಣ ಎಂದರು ಸೆಕ್ರೆಟರಿ. ಬೀದರ್ ಕಡೆಯವರು, ಸರ್ಕಾರಿ ಕೆಲಸದಿಂದ ನಿವೃತ್ತರು. ಟೈಲ್ಸ್ ಯಾಕೆ, ನಾನೇ ಚಿತ್ರ ಬರೀತೀನಿ ಅಂದೆ. ಖುಷಿಯಿಂದ ಒಪ್ಪಿದರು.

ಆಫೀಸಿನವರ ಜೊತೆ ಊರಾಚೆಯ ನಿರಾಶ್ರಿತರ ಗುಡಿಸಲುಗಳಿಗೆ ಪುಸ್ತಕ ಹಂಚಲು ಹೋಗಿದ್ದಾಗ ನೋಡಿದ ಹೆಂಗಸೊಬ್ಬಳು ನನ್ನ ತಲೆಯಲ್ಲಿ ಕೂತುಬಿಟ್ಟಿದ್ದಳು. ಬರ್ಮಾದಿಂದ ಓಡಿಬಂದವಳು. ಸೊಂಟದ ಮೇಲೆ ಕೊಡ, ಅವಳ ತಲೆ ಮೇಲಿಂದ ಇಳಿಬಿದ್ದ ಬಟ್ಟೆಯ ತುದಿ ಹಿಡಿದು ನಿಂತ ಮಗು. ಅವಳನ್ನೇ ಬರೆದೆ.

ಅವಳು ಯಾರೆಂದು ಗೊತ್ತಾಗುವವರೆಗೆ ಎಲ್ಲರೂ ಹೊಗಳಿದರು. ಗೊತ್ತಾದ ಮೇಲೆ ಯಾರೋ ಅವಳ ಮುಖಕ್ಕೆ ಪಾನ್ ಉಗಿದರು. ದೇವರನ್ನು ಬರೆಯಬೇಕಾದ ಜಾಗದಲ್ಲಿ ಮುಸ್ಲಿಂ ಹೆಂಗಸೇ ಎಂದು ಮೀಟಿಂಗಿನಲ್ಲಿ ಕೂಗಾಟವಾಯಿತು. ಸೆಕ್ರೆಟರಿ ನನಗೆ, “ಇವತ್ತ ಗ್ವಾಡಿ ಮ್ಯಾಲ ಬಂದಾರ, ನಾಳೆ ಗೇಟಿನಾಗ ಬರ್ತಾರ್ರಿ,” ಎಂದರು. ಭಾನುವಾರ ಸುಣ್ಣ ಹೊಡೆಸುವುದೆಂದು ತೀರ್ಮಾನವಾಯಿತು. ನನ್ನ ಮೊದಲ ದೊಡ್ಡ ಚಿತ್ರ.

ಭಾನುವಾರ ಬೆಳಿಗ್ಗೆ ಇಳಿದು ಬಂದರೆ ಗೋಡೆಯ ಬುಡದುದ್ದಕ್ಕೂ ರಂಗೋಲಿ! ನಾವೆಲ್ಲ ಮೌಶಿ ಎನ್ನುವ ಮೊದಲ ಮಹಡಿಯ ಅಜ್ಜಿ, ದಿನಾ ತಮ್ಮ ಬಾಗಿಲಿಗಷ್ಟೇ ಹಾಕುತ್ತಿದ್ದವರು, ಬಣ್ಣ ತುಂಬುತ್ತಾ ಕೂತಿದ್ದರು. ಸುಣ್ಣದವರು ಏಣಿ ಹೊತ್ತು ಬಂದರು, ರಂಗೋಲಿ ನೋಡಿದರು, ಚಪ್ಪಲಿ ಬಿಟ್ಟು ದೂರ ನಿಂತರು. ಅದರ ಮೇಲೆ ಏಣಿ ಇಡಲು ಯಾರೂ ತಯಾರಿಲ್ಲ. ದಾಟಿಕೊಂಡು ಹೋಗಿ ಎಂದು ಸೆಕ್ರೆಟರಿ ಎಷ್ಟು ಹೇಳಿದರೂ ನಗುತ್ತಾ ಚಹಾ ಅಂಗಡಿಗೆ ನಡೆದರು.

“ಏನ್ರಿ ಮೌಶಿ ಇದು?” ಎಂದರು ಸೆಕ್ರೆಟರಿ.

“ಆಕಿನ್ನ ಅಳಸಬ್ಯಾಡ್ರಿ. ಹೈದರಾಬಾದ್ ಸಂಸ್ಥಾನದ ಗಲಾಟಿ ಒಳಗ ನಮ್ಮವ್ವ ಹಿಂಗ ಕೊಡ ಹಿಡಕೊಂಡು, ನಾ ಆಕಿ ಸೆರಗ ಹಿಡಕೊಂಡು ಸೊಲ್ಲಾಪುರಕ್ಕ ಓಡಿದ್ವಿ. ಅಲ್ಲಿ ಮಂದಿನೂ ‘ಇವರ್ಯಾಕ ಬಂದಾರ’ ಅಂತಿದ್ರು.”

“ನಿಮ್ಮನ್ನ ಓಡಿಸಿದವರು ಯಾರಂತ ಮರತ್ರೇನ್ರಿ?”

“ಮರತಿಲ್ಲ. ಓಡಿಸಿದಾಕಿ ಇಕಿ ಅಲ್ಲಲ್ಲ.”

ಸೆಕ್ರೆಟರಿ ಸುಣ್ಣದವರನ್ನು ಕೂಗಿ ಉಳಿದ ಮೂರು ಕಡೆ ಮಾತ್ರ ಹೊಡೆಯಲು ಹೇಳಿದರು.

ಮೌಶಿ ದಿನವೂ ಅಲ್ಲಿ ರಂಗೋಲಿ ಹಾಕತೊಡಗಿದರು. ಉಚ್ಚೆ ಹೊಯ್ಯುವುದೂ ನಿಂತಿತು. ಮೀಟಿಂಗಿನಲ್ಲಿ ಸೆಕ್ರೆಟರಿ ಅದನ್ನು ತಮ್ಮ ಸಾಧನೆ ಎಂದೇ ಹೇಳಿಕೊಂಡರು.

ಪಾನಿನ ಕಲೆ ಮುಚ್ಚಲು ಬಣ್ಣ ಕಲಸಿಕೊಂಡು ಹೋದಾಗ ಮೌಶಿ ಹಿಂದೆ ಬಂದು ನಿಂತರು.

“ಎಲ್ಲಾ ಭಾಳ ಚಂದ ಐತಿ ತಮ್ಮಾ. ಖರೆ, ಕೂಸು ಸೆರಗ ಇಷ್ಟ ಮೆತ್ತಗ ಹಿಡಿಯಂಗಿಲ್ಲ. ಮುಟಿಗಿ ಮಾಡಿ ಹಿಡಿತೈತಿ.”

ತಮ್ಮ ಸೆರಗಿನ ತುದಿಯನ್ನೇ ಮುಷ್ಟಿಯಲ್ಲಿ ಹಿಡಿದು ತೋರಿಸಿದರು. ನೋಡಿಕೊಂಡು ಮಗುವಿನ ಕೈಯನ್ನು ಮತ್ತೆ ಬರೆದೆ.