ಅತ್ತೆಯ ಹೆಸರಿನ ಅಂಗಡಿ

ಮದುವೆಗೆ ಬಂದವರ ಕೈಗೆ ತೆಂಗಿನಕಾಯಿ, ಎಲೆಅಡಿಕೆ ಹಾಕಿ ಕೊಡುತ್ತಾರಲ್ಲ, ಆ ತಾಂಬೂಲದ ಚೀಲಗಳನ್ನು ಸಗಟಾಗಿ ಮಾರುವ ಅಂಗಡಿ ನನ್ನದು, ಮದರಾಸಿನ ಪ್ಯಾರೀಸ್ ಕಾರ್ನರಿನಲ್ಲಿ. ಈಗ ನನ್ನದು. ಡೈವರ್ಸ್ ಆಗುವವರೆಗೂ ಕಾಗದದ ಮೇಲೆ ಅದು ಅತ್ತೆಯದಾಗಿತ್ತು.

ಶುರು ಮಾಡಿದಾಗ ಗಂಡ ಬ್ಯಾಂಕಿನಲ್ಲಿ, ನಾನು ವಿಮಾ ಕಚೇರಿಯಲ್ಲಿ. ಇಬ್ಬರೂ ಸ್ವಂತ ಹೆಸರಲ್ಲಿ ವ್ಯಾಪಾರ ಮಾಡುವ ಹಾಗಿರಲಿಲ್ಲ. ನೌಕರಿಯ ಮನೆಗಳಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದೆವು: ಬಾಡಿಗೆ ಕರಾರು, ತೆರಿಗೆ ನೋಂದಣಿ, ಬ್ಯಾಂಕ್ ಖಾತೆ, ಎಲ್ಲ ಅತ್ತೆಯ ಹೆಸರಿಗೆ. ಆಮೇಲೆ ನಾನು ಕೆಲಸ ಬಿಟ್ಟು ಗಲ್ಲಾದಲ್ಲಿ ಕೂತೆ. ಹೆಸರು ಮಾತ್ರ ಹಾಗೇ ಉಳಿಯಿತು. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದರೆ, ಸಂಸಾರ ಚೆನ್ನಾಗಿರುವಾಗಲೇ ಬದಲಾಯಿಸಿಕೊಳ್ಳಿ. ಜಗಳವಾದ ಮೇಲೆ ಒಂದು ಸಹಿಯ ಬೆಲೆ ಎಷ್ಟಾಗುತ್ತದೆ ಅಂತ ನನಗೆ ಗೊತ್ತು.

ಇಬ್ಬರೂ ಒಪ್ಪಿ ಬೇರೆಯಾಗುವುದೆಂದು ತೀರ್ಮಾನವಾಯಿತು. ಮಕ್ಕಳಿರಲಿಲ್ಲ. ಹಂಚಿಕೊಳ್ಳಲು ಇದ್ದದ್ದು ಎರಡೇ: ಶೋಳಿಂಗನಲ್ಲೂರಿನ ಫ್ಲಾಟು ಮತ್ತು ಅಂಗಡಿ. ಗಂಡ ಎರಡೂ ತನಗೇ ಅಂದ.

ನನ್ನ ವಕೀಲೆ ಕಡ್ಡಿ ಮುರಿದ ಹಾಗೆ ಹೇಳಿದಳು. "ಗಂಡಹೆಂಡಿರ ಆಸ್ತಿ ಸಮಪಾಲು ಅನ್ನುವ ಕಾನೂನು ನಮ್ಮಲ್ಲಿಲ್ಲ. ಯಾರ ಹೆಸರೋ ಅವರದು. ಅಂಗಡಿ ನಿಮ್ಮ ಅತ್ತೆಯದು."

"ಬೆಳೆಸಿದ್ದು ನಾನು!"

"ಅದನ್ನು ಕೋರ್ಟಲ್ಲಿ ಹೇಳಿದರೆ ಬೇನಾಮಿ ಅಂತ ನೀವೇ ಒಪ್ಪಿಕೊಂಡ ಹಾಗೆ. ಕೇಸು ಹಾಕಬೇಡಿ. ವ್ಯಾಪಾರ ಮಾಡಿ."

ವ್ಯಾಪಾರ ಅಂದಿದ್ದೇ ತಡ, ನನ್ನ ತಲೆ ಓಡಿತು. ಪರಸ್ಪರ ಒಪ್ಪಿಗೆಯ ಅರ್ಜಿ ಹಾಕಿದ ಮೇಲೆ ಸಾಮಾನ್ಯವಾಗಿ ಆರು ತಿಂಗಳು ಕಾಯಬೇಕು. ಆಮೇಲೆ ಎರಡನೇ ಸಲ ಹೋಗಿ ಒಪ್ಪಿಗೆ ಹೇಳಿದರೇನೇ ಡೈವರ್ಸ್. ಅಲ್ಲಿವರೆಗೆ ಯಾರು ಬೇಕಾದರೂ ಹಿಂದೆ ಸರಿಯಬಹುದು. ನಾವು ಅರ್ಜಿ ಹಾಕಿದ್ದು ತಮಿಳರ ತೈ ತಿಂಗಳ ಕೊನೆಗೆ, ಫೆಬ್ರವರಿಯಲ್ಲಿ, ಮದುವೆ ಸೀಸನ್ನಿನಲ್ಲಿ, ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದಾಗ. ಆರು ತಿಂಗಳು ಕೂಡಿಸಿದರೆ ಆಡಿ, ಅಂದರೆ ಆಷಾಢ. ತಮಿಳುನಾಡಿನಲ್ಲಿ ಆಡಿ ಮಾಸದಲ್ಲಿ ಯಾರೂ ಮದುವೆ ಮಾಡುವುದಿಲ್ಲ. ನಮ್ಮ ಬೀದಿಯಲ್ಲಿ ಆಗ ಗಿರಾಕಿ ಇರುವುದಿಲ್ಲ. ಸೀಸನ್ನಿಗೆ ಸಾಲದ ಮೇಲೆ ಸರಕು ಕೊಟ್ಟವರು ವಸೂಲಿಗೆ ಬರುವ ತಿಂಗಳು ಅದು.

"ಸೀಸನ್ ಮುಗಿಸಿ, ಆಡಿ ಒಂದನೇ ತಾರೀಖು ಬೀಗದಕೈ ಕೊಡ್ತೀನಿ," ಅಂದೆ. ಗಂಡ ಖಾತೆಯಲ್ಲಿದ್ದ ಮೊತ್ತ ನೋಡಿ ಖುಷಿಯಾಗಿ ಒಪ್ಪಿದ. ಬ್ಯಾಂಕಿನವರಿಗೆ ಬ್ಯಾಲೆನ್ಸ್ ಕಂಡರೆ ಲಾಭ ಕಂಡ ಹಾಗೆ. ಬಾಕಿ ಎಷ್ಟಿದೆ ಅಂತ ಅವನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ಹೇಳಿದ ದಿನ ಬೀಗದಕೈ ಕೊಟ್ಟು ತಂಗಿಯ ಮನೆಗೆ ಹೋದೆ. ನಿದ್ದೆ ಮಾತ್ರ ಬರಲಿಲ್ಲ. ಅತ್ತೆ ಗಟ್ಟಿಗಿತ್ತಿ, ಮದರಾಸಿನಲ್ಲೇ ಹುಟ್ಟಿ ಬೆಳೆದವರು. ತಾವೇ ಗಲ್ಲಾದಲ್ಲಿ ಕೂತು ಅಂಗಡಿ ನಿಭಾಯಿಸಿಬಿಟ್ಟರೆ ನಾನು ಬೀದಿಗೆ ಬಿದ್ದ ಹಾಗೆ. ಈ ವಯಸ್ಸಿನಲ್ಲಿ ಯಾವ ಕಚೇರಿಯೂ ಕರೆಯುವುದಿಲ್ಲ.

ಒಂದು ವಾರಕ್ಕೆ ಅತ್ತೆಯ ಫೋನು ಬಂತು.

"ಏನೇ ಇದು, ಬರೋರೆಲ್ಲಾ ದುಡ್ಡು ಕೇಳೋರೇ! ಒಬ್ಬನಾದ್ರೂ ಚೀಲ ಕೇಳ್ಲಿಲ್ಲ."

"ಆಡಿ ಅಲ್ವಾ ಅತ್ತೆ."

"ಆಡಿ ಅಂತ ನಂಗೂ ಗೊತ್ತು, ಪಾಠ ಹೇಳ್ಬೇಡ. ಚೀಲ ಅಚ್ಚು ಹಾಕೋ ಶಿವಕಾಶಿ ಪ್ರಿಂಟಿಂಗ್‌ನೋನು ಬಂದು 'ಓನರಮ್ಮಾ, ಓನರಮ್ಮಾ' ಅಂತ ಮೂರು ಕಾಫಿ ಕುಡಿದ. ಮುಂದಿನ ಸರಕು ಕಳಿಸಪ್ಪಾ ಅಂದ್ರೆ, ಗಲ್ಲಾದಲ್ಲಿದ್ದ ಆ ಅಮ್ಮ ಬಂದು ಕೂತ್ಕೊಳ್ಲಿ, ಆಮೇಲೆ ನೋಡೋಣ ಅಂತಾನೆ!"

ಚೌಕಾಸಿಯಲ್ಲಿ ಮೊದಲು ಬಾಯಿ ಬಿಟ್ಟವರು ಸೋತರು. ನಮ್ಮ ಬೀದಿಯಲ್ಲಿ ಬೋರ್ಡ್ ನೋಡಿ ಯಾರೂ ಸಾಲ ಕೊಡುವುದಿಲ್ಲ, ಗಲ್ಲಾದಲ್ಲಿ ಕೂತ ಮುಖ ನೋಡಿ ಕೊಡುತ್ತಾರೆ. ಅದು ಅತ್ತೆಗೂ ಅರ್ಥವಾಗಿತ್ತು.

"ನನ್ನ ಮಗನಿಗೆ ಡೈವರ್ಸ್ ಬೇಕು, ನನಗ್ಯಾಕೆ ಈ ಕಡೈ, ಈ ಅಂಗಡಿ?" ಅಂದರು ಕೊನೆಗೆ. "ನೀನೇ ಇಟ್ಕೋ. ಏನು ಬಿಡ್ತೀಯ ಹೇಳು."

ಫ್ಲಾಟು ಬಿಟ್ಟೆ, ಜೀವನಾಂಶವನ್ನೂ ಬಿಟ್ಟೆ. ಫ್ಲಾಟಿನ ಕಂತು ಅರ್ಧದಷ್ಟು ಈ ಚೀಲಗಳಿಂದಲೇ ಹೋಗಿತ್ತು; ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಆದರೆ ಒಂದು ಷರತ್ತು ಹಾಕಿದೆ: ಇಬ್ಬರ ಹೆಸರಲ್ಲೂ ಇದ್ದ ಮನೆ ಸಾಲದಿಂದ ನನ್ನ ಹೆಸರು ತೆಗೆದಿದ್ದೇವೆ ಅಂತ ಬ್ಯಾಂಕು ಬರೆದುಕೊಟ್ಟ ಮೇಲೇ ಎರಡನೇ ಒಪ್ಪಿಗೆ. ಇದನ್ನು ಮರೆಯಬೇಡಿ. ಕೋರ್ಟು ನಿಮ್ಮನ್ನು ಗಂಡನಿಂದ ಬಿಡಿಸುತ್ತದೆ, ಬ್ಯಾಂಕಿನಿಂದ ಬಿಡಿಸುವುದಿಲ್ಲ. ಅವನು ಕಂತು ತಪ್ಪಿಸಿದರೆ ನೋಟೀಸು ನಿಮಗೂ ಬರುತ್ತದೆ.

ತೆರಿಗೆ ನೋಂದಣಿ ಹೊಸದಾಗಿ ಮಾಡಿಸಿದೆ. ಕಟ್ಟಡದ ಮಾಲೀಕ ಹೊಸ ಕರಾರು ಅಂತ ಅಡ್ವಾನ್ಸ್ ಏರಿಸಿದ. ಎಳೆದಾಡಿ ಅರ್ಧಕ್ಕೆ ಇಳಿಸಿದೆ. ವಕೀಲೆಯ ಕಚೇರಿಯಲ್ಲಿ ಅತ್ತೆ ಅಂಗಡಿಯನ್ನೂ ಅದರ ಬಾಕಿಯನ್ನೂ ನನಗೆ ಬರೆದುಕೊಟ್ಟರು. ಸಹಿ ಹಾಕಿ ಕನ್ನಡಕ ತೆಗೆದು, ನನ್ನನ್ನೇ ನೋಡಿದರು.

"ತೈನಲ್ಲಿ ಮಗಳ ಮಗಳ ಮದುವೆ ಇದೆ. ಚೀಲ ಬೇಕು."

"ಕೊಡ್ತೀನಿ."

"ರೇಟು?"

"ಎಲ್ಲರಿಗೂ ಇರೋದೇ. ಮುಂಗಡ ಅರ್ಧ."

ಅತ್ತೆ ವಕೀಲೆಯ ಕಡೆ ತಿರುಗಿ, "ನೋಡಿದ್ಯಾಮ್ಮ, ಸಹಿಯ ಇಂಕು ಇನ್ನೂ ಒಣಗಿಲ್ಲ," ಅಂದರು. ಆಮೇಲೆ ಪರ್ಸ್ ತೆಗೆದರು.