ಸಿನಗಾಗ್ ಬಾಗಿಲಲ್ಲಿ ಅಂಗಿ ಬಿಚ್ಚಿದೆ

ಅಂಗಿ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಬನಿಯನ್ನಿಗೆ ಕೈಹಾಕಿದ್ದೆ. ಬಾಗಿಲು ಕಾಯುವ ಅಜ್ಜ ಓಡಿಬಂದು ಕೈ ಹಿಡಿದರು. ಅದು ಕೇರಳದ ಹಳ್ಳಿಯೊಂದರಲ್ಲಿ ಯಹೂದಿಗಳು ಕಟ್ಟಿದ ಹಳೆಯ ಮರದ ಪ್ರಾರ್ಥನಾ ಮಂದಿರ, ಸಿನಗಾಗ್. ಹಿಂದಿನ ದಿನವಷ್ಟೇ ಅಲ್ಲಿನ ಗುಡಿಯೊಂದಕ್ಕೆ ಅಂಗಿ ತೊಟ್ಟು ಹೋಗಿ ಬೈಸಿಕೊಂಡಿದ್ದ ಸೇಡಂನವ ನಾನು, ಈ ಸಲ ಭಾಳ ಜಾಣನಾಗಿದ್ದೆ.

"ಅಂಗಿ ಹಾಕ್ಕೋರಿ, ಇಲ್ಲಿ ತಲಿ ಮುಚ್ಚಬೇಕಂತ!" ಎಂದು ಹೆಂಡತಿ ನಗುತ್ತಲೇ ನನ್ನ ತಲೆಗೆ ಟವೆಲ್ ಸುತ್ತಿದಳು.

ಒಳಗೆ ಕೆತ್ತನೆಯ ಮರದ ಛಾವಣಿ ನೋಡುತ್ತ, ಪ್ರಾರ್ಥನೆ ಎಷ್ಟು ಹೊತ್ತಿಗೆಂದು ಕೇಳಿದೆ. ಅಜ್ಜ ಹಿಂದಿಯಲ್ಲಿ ಹೇಳಿದರು: "ಅದಕ್ಕೆ ಅವರ ಹತ್ತು ಗಂಡಸರು ಕೂಡಬೇಕು. ಈಗ ಊರಲ್ಲಿ ಒಬ್ಬರೂ ಉಳಿದಿಲ್ಲ."

ಸೊಂಟನೋವಿನ ನೆಪ ಹೇಳಿ ನಮ್ಮ ಮಠದ ಸೋಮವಾರದ ಭಜನೆ ತಪ್ಪಿಸುತ್ತಿದ್ದವ, ಸೇಡಂಗೆ ಮರಳಿದ ಮೇಲೆ ಈಗ ಎಲ್ಲರಿಗಿಂತ ಮೊದಲು ಹೋಗಿ ಬಂದವರ ತಲೆ ಎಣಿಸುತ್ತೇನೆ. ಭಜನೆಯಲ್ಲಿ ನನ್ನ ಒಡಕು ದನಿ ಕೇಳಿದವರು ಮಾತ್ರ, "ಸೊಂಟನೋವು ಪೂರಾ ಹೋತೇನ್ರಿ?" ಎಂದು ಚಿಂತೆಯಿಂದ ವಿಚಾರಿಸುತ್ತಾರೆ.