ಅನ್ನ ಬಿಟ್ಟವನು

ತೂಕ ಇಳಿಸೋಕೆ ಅಂತ ಅನ್ನ, ಮುದ್ದೆ, ಸಕ್ಕರೆ ಎಲ್ಲಾ ಬಿಟ್ಟಿದ್ದೆ. ಹೊಟ್ಟೆಯೇನೋ ಇಳಿಯಿತು, ಜೊತೆಗೆ ಮನಸ್ಸೂ ಕುಸಿಯಿತು. ಸುಮ್ಮಸುಮ್ಮನೆ ಅಳು ಬರುತ್ತಿತ್ತು.

ಹೊಳೆನರಸೀಪುರದ ಆಚೆ ಒಂದು ತೋಟದಲ್ಲಿ ಪಂಪ್‌ಸೆಟ್ ರಿಪೇರಿ ಮುಗಿಸಿ ಕೈ ತೊಳೆಯುತ್ತಿದ್ದೆ. ಆ ಮನೆಯ ಅಜ್ಜಿ ತಟ್ಟೆಗೆ ಬಿಸಿ ಮುದ್ದೆ ಇಟ್ಟು ಊಟಕ್ಕೆ ಕರೆದರು.

"ಬೇಡಜ್ಜಿ, ಅನ್ನ-ಮುದ್ದೆ ಬಿಟ್ಟಿದ್ದೀನಿ," ಅಂದೆ.

ಅಜ್ಜಿ ನನ್ನ ಸೊರಗಿದ ಮುಖ ನೋಡಿದರು. "ಅಯ್ಯೋ ಸಿವನೇ! ಯಾರಪ್ಪಾ ಓಗ್ಬುಟ್ರು?"

ಡಯಟ್ ಅನ್ನೋಕೆ ಬಾಯಿ ತೆರೆದೆ. ಹಾಳಾದ್ದು, ಅಳು ಮೊದಲು ಬಂತು.

"ನಮ್ಮ ಯಜಮಾನ್ರು ಓದಾಗ ನಾನೂ ಇಂಗೇ ಅನ್ನ ಬಿಟ್ಟಿದ್ದೆ ಕಣಪ್ಪ," ಅಂತ ಅಜ್ಜಿಯೂ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಓದೋರ ಜೊತೆ ನಾವೂ ಓಗಕ್ಕಾಯ್ತದಾ? ಉಣ್ಣು ಮಗ."

ಆ ಕಣ್ಣೀರಿನ ಮುಂದೆ ಡಯಟ್ ಅನ್ನೋ ಮಾತು ಹೇಗೆ ಎತ್ತಲಿ? ತಲೆ ತಗ್ಗಿಸಿಕೊಂಡು ಮುದ್ದೆ ಮುರಿದು ಉಪ್ಸಾರಿಗೆ ಅದ್ದಿ ನುಂಗಿದೆ. "ಇನ್ನೊಂದು ಇಕ್ತೀನಿ," ಅಂದರು. ಬೇಡ ಅನ್ನಲಿಲ್ಲ. ನಾಚಿಕೆಯಿಂದ ಸಾಯುತ್ತಿದ್ದೆ, ಆದರೂ ಎಂಥ ರುಚಿ!

ಹೊರಡುವಾಗ ಅಜ್ಜಿ ಮೆಲ್ಲಗೆ ಕೇಳಿದರು, "ಓದೋರು ತೀರಾ ಅತ್ರದೋರಾ?"

ಹೂಂ ಅಂದು ಬೈಕ್ ಹತ್ತಿದೆ. ನಿಜಕ್ಕೂ ಹೋಗಿದ್ದು ನನ್ನ ಹೊಟ್ಟೆ ಒಂದೇ. ಅದೂ ಆಗಲೇ ವಾಪಸ್ ಬಂದಿತ್ತು.